ಚಾಕೊಲೇಟ್ ಸಿಸ್ಟ್ ಇದೆ, ಮಗು ಬೇಕು: ಮೊದಲು ಆಪರೇಷನ್ನಾ, ನೇರವಾಗಿ ಐವಿಎಫ್ಫಾ?

ಮುಂಜಾವು:

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ. ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ, ಚಿಕ್ಕದಾಗಿ ಎಂಡೋ) ಇದೆ ಅಂತ ಗೊತ್ತಾಗಿದ್ದು ಹೋದ ವರ್ಷ. ಆದರೆ ನೋವು ಹೈಸ್ಕೂಲಿನಿಂದಲೂ ಇದೆ. ಮುಟ್ಟಾದ ಮೊದಲ ದಿನ ಬಾತ್‌ರೂಮಿನ ನೆಲದ ಮೇಲೆ ಮಂಡಿಯನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಿದ್ದೆ. "ಎಲ್ಲರಿಗೂ ಇರೋದೇ, ಒಂದು ಮಗು ಆದ್ರೆ ಸರಿಹೋಗುತ್ತೆ" ಅನ್ನುವ ಮಾತನ್ನು ಮನೆಯಲ್ಲೂ ಕೇಳಿದ್ದೇನೆ, ಡಾಕ್ಟರ ಬಾಯಲ್ಲೂ ಕೇಳಿದ್ದೇನೆ. ಈಗ ಮಗುವಿಗಾಗಿ ಪ್ರಯತ್ನ ಶುರು ಮಾಡಿ ಒಂದು ವರ್ಷ ದಾಟಿತು.

ಎಡ ಓವರಿಯಲ್ಲಿ 4 ಸೆಂ.ಮೀ. ಚಾಕೊಲೇಟ್ ಸಿಸ್ಟ್ ಇದೆ, ಅಂದರೆ ಎಂಡೋದಿಂದ ಆದ, ಹಳೇ ರಕ್ತ ತುಂಬಿದ ಗುಳ್ಳೆ. ಬಲಗಡೆಯದು ಚೆನ್ನಾಗಿದೆ. ಎಎಂಎಚ್ (ಉಳಿದ ಅಂಡಗಳ ಅಂದಾಜು ಕೊಡುವ ರಕ್ತಪರೀಕ್ಷೆ) 1.1. ತೋರಿಸಿದ್ದು ಮೂವರು ಡಾಕ್ಟರಿಗೆ, ಸಿಕ್ಕಿದ್ದು ಮೂರು ದಾರಿ. ಒಬ್ಬರು ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರದ ಆಪರೇಷನ್) ಮಾಡಿ ಸಿಸ್ಟ್ ತೆಗೆಯೋಣ ಅಂತಾರೆ. ಇನ್ನೊಬ್ಬರು ಓವರಿ ಮುಟ್ಟೋದೇ ಬೇಡ, ಐವಿಎಫ್ (ಅಂಡ ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ) ಮಾಡಿಸಿ ಅಂತಾರೆ. ಮೂರನೆಯವರು ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ ಬರೆದು, ಆರು ತಿಂಗಳು ತಗೊಂಡು ಆಮೇಲೆ ಪ್ರಯತ್ನಿಸಿ ಅಂದರು.

ಇನ್ನೊಂದು ವಿಷಯ ಬರೆಯೋಕೆ ಸಂಕೋಚ ಆಗುತ್ತಿದೆ. ಸೇರುವಾಗ ಒಳಗೆ ಆಳದಲ್ಲಿ ಚುಚ್ಚಿದ ಹಾಗೆ ನೋವು. ಮಾರನೇ ದಿನದವರೆಗೂ ಹೊಟ್ಟೆ ಹಿಡಿದುಕೊಂಡಿರುತ್ತದೆ. "ದಿನ ನೋಡಿಕೊಂಡು ಸೇರಿ" ಅಂತಾರೆ. ಆ ದಿನಗಳು ಹತ್ತಿರ ಬಂದರೇ ನನಗೆ ಭಯ.

ಈ ದಾರಿಯಲ್ಲಿ ಹೋಗಿಬಂದವರು ದಯವಿಟ್ಟು ಹೇಳಿ. ಸಮಾಧಾನದ ಮಾತಿಗಿಂತ ಸರಿಯಾದ ಮಾಹಿತಿ ಬೇಕು.

ಹೊಂಗೆನೆರಳು:

ಮುಂಜಾವು ಅವರೇ, ನನಗೆ ಎರಡೂ ಓವರಿಯಲ್ಲಿ ಚಾಕೊಲೇಟ್ ಸಿಸ್ಟ್ ಇತ್ತು. ಆಪರೇಷನ್ನೂ ಆಗಿದೆ, ಐವಿಎಫ್ಫೂ ಆಗಿದೆ. ಒಬ್ಬಳು ಮಗಳಿದ್ದಾಳೆ. ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಡೈನೋಜೆಸ್ಟ್ ವಿಷಯ. ನೋವಿಗೆ ಅದು ಒಳ್ಳೆಯ ಮಾತ್ರೆ, ನನಗೂ ತುಂಬಾ ಆರಾಮ ಕೊಟ್ಟಿತ್ತು. ಆದರೆ ಅದನ್ನು ತಗೊಳ್ಳುವಷ್ಟು ದಿನ ಸಾಮಾನ್ಯವಾಗಿ ಅಂಡ ಬಿಡುಗಡೆಯೇ ಆಗುವುದಿಲ್ಲ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಜಾಸ್ತಿ ಆಗುವುದೂ ಇಲ್ಲ. ಸಂತಾನ ಚಿಕಿತ್ಸೆಯ ಯುರೋಪಿನ ವೈದ್ಯರ ಸಂಘ ಇಎಸ್‌ಎಚ್‌ಆರ್‌ಇ 2022ರ ಮಾರ್ಗಸೂಚಿಯಲ್ಲಿ ಇದನ್ನು ನೇರವಾಗಿಯೇ ಹೇಳಿದೆ: ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ, ಗರ್ಭಧಾರಣೆಗೆ ನೆರವಾಗಲಿ ಅಂತ ಇಂಥ ಹಾರ್ಮೋನ್ ಕೊಡಬಾರದು. ನೋವಿನ ಚಿಕಿತ್ಸೆ ಬೇರೆ, ಮಗುವಿನ ಚಿಕಿತ್ಸೆ ಬೇರೆ. ಯಾವ ಡಾಕ್ಟರ್ ಏನೇ ಬರೆದುಕೊಟ್ಟರೂ "ಇದು ಎರಡರಲ್ಲಿ ಯಾವುದಕ್ಕೆ?" ಅಂತ ಕೇಳಿ.

ಈಗ ಆಪರೇಷನ್. ಈ ಸಿಸ್ಟ್ ಓವರಿಯ ಒಳಗೆ ಸುಮ್ನೆ ಕೂತಿರುವ ಗುಳ್ಳೆ ಅಲ್ಲ. ಅದರ ಗೋಡೆ ಓವರಿಗೆ ಅಂಟಿಕೊಂಡಿರುತ್ತದೆ. ಹಳೇ ಪೋಸ್ಟರ್ ಕಿತ್ತರೆ ಗೋಡೆಯ ಬಣ್ಣವೂ ಜೊತೆಗೆ ಎದ್ದು ಬರುತ್ತಲ್ಲ, ಹಾಗೆ ಸಿಸ್ಟ್ ಸುಲಿಯುವಾಗ ಅದಕ್ಕೆ ಹತ್ತಿಕೊಂಡ ಒಳ್ಳೆಯ ಭಾಗವೂ, ಅದರಲ್ಲಿರುವ ಅಂಡಗಳೂ ಸ್ವಲ್ಪ ಹೋಗುತ್ತವೆ. ರಕ್ತ ನಿಲ್ಲಿಸಲು ಸುಡುತ್ತಾರಲ್ಲ, ಆ ಬಿಸಿಯಿಂದಲೂ ಹಾನಿ ಆಗುತ್ತದೆ. ನನ್ನ ಎಎಂಎಚ್ ಆಪರೇಷನ್ ಆದ ಮೇಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ನೋವು ತಡೆಯಲಾಗದೆ ಮಾಡಿಸಿದ್ದು, ನೋವೇನೋ ನಿಜವಾಗಿ ಕಡಿಮೆ ಆಯಿತು. ಆದರೆ ಆಮೇಲೆ ಐವಿಎಫ್‌ನಲ್ಲಿ ಸಿಕ್ಕ ಅಂಡಗಳು ಕಡಿಮೆ.

ಹಾಗಂತ ಆಪರೇಷನ್ ಹೇಳಿದ ಡಾಕ್ಟರ್ ತಪ್ಪು ಅಂತಲೂ ಅಲ್ಲ. ಅಂಡ ಗರ್ಭಕೋಶಕ್ಕೆ ಸಾಗುವ ಟ್ಯೂಬ್ ಎರಡೂ ತೆರೆದಿದ್ದು, ಸಹಜವಾಗಿ ಪ್ರಯತ್ನಿಸಲು ಕಾಲಾವಕಾಶ ಇದ್ದರೆ ಆ ದಾರಿಗೂ ಅರ್ಥ ಇದೆ. 1997ರಲ್ಲಿ ಕೆನಡಾದಲ್ಲಿ ಒಂದು ದೊಡ್ಡ ಅಧ್ಯಯನ ಆಗಿತ್ತು. ಲ್ಯಾಪ್ರೋಸ್ಕೋಪಿಯಲ್ಲಿ ಎಂಡೋ ಕಲೆಗಳನ್ನು ತೆಗೆಸಿಕೊಂಡವರಲ್ಲಿ ಸುಮಾರು 31% ಮಂದಿ 36 ವಾರದೊಳಗೆ ಗರ್ಭ ಧರಿಸಿದರು. ಬರೀ ಒಳಗೆ ನೋಡಿ ಬಿಟ್ಟವರಲ್ಲಿ ಅದು ಸುಮಾರು 18%. ಆದರೆ ಅವರೆಲ್ಲ ಕಡಿಮೆ ಹಂತದ ಎಂಡೋ ಇದ್ದವರು. ನಿಮ್ಮಂಥ ಸಿಸ್ಟ್ ಇರುವವರಿಗೆ ಅದೇ ಲೆಕ್ಕ ಹಾಕಬೇಡಿ. ಐವಿಎಫ್‌ಗೇ ಹೋಗುವುದಾದರೆ, ಫಲಿತಾಂಶ ಚೆನ್ನಾಗಿ ಬರಲಿ ಅಂತ ಮಾತ್ರ ಸಿಸ್ಟ್ ತೆಗೆಸುವುದನ್ನು ಮಾರ್ಗಸೂಚಿ ಒಪ್ಪುವುದಿಲ್ಲ. ನೋವು ಜಾಸ್ತಿ ಇದ್ದರೆ, ಇಲ್ಲವೇ ಸಿಸ್ಟ್ ಅಡ್ಡ ಇದ್ದು ಅಂಡ ತೆಗೆಯುವ ಸೂಜಿಗೆ ದಾರಿ ಸಿಗದಿದ್ದರೆ ಮಾತು ಬೇರೆ. ಆಪರೇಷನ್ ಮಾಡಿಸಲೇಬೇಕಾಗಿ ಬಂದರೆ, ಅದಕ್ಕೆ ಮೊದಲೇ ಅಂಡ ಅಥವಾ ಭ್ರೂಣ ಫ್ರೀಜ್ ಮಾಡಿಸಬಹುದಾ ಅಂತ ಕೇಳಿ.

ಎಎಂಎಚ್ 1.1 ನೋಡಿ ಗಾಬರಿ ಬೇಡ. ಅದು ಎಷ್ಟು ಅಂಡ ಉಳಿದಿರಬಹುದು ಅನ್ನುವ ಅಂದಾಜು ಅಷ್ಟೇ. ಅಂಡದ ಗುಣಮಟ್ಟ ಹೇಳುವುದಿಲ್ಲ, ಸಹಜವಾಗಿ ಗರ್ಭ ನಿಲ್ಲುತ್ತದೋ ಇಲ್ಲವೋ ಅಂತಲೂ ಹೇಳುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಾಣದೇ ಇದ್ದಿದ್ದು ಎರಡು. ಟ್ಯೂಬ್ ಪರೀಕ್ಷೆ ಆಗಿದೆಯಾ? ನಿಮ್ಮ ಮನೆಯವರ ವೀರ್ಯ ಪರೀಕ್ಷೆ ಆಗಿದೆಯಾ? ಇವೆರಡೂ ಗೊತ್ತಿಲ್ಲದೆ ಆಪರೇಷನ್ನಾ ಐವಿಎಫ್ಫಾ ಅಂತ ತೀರ್ಮಾನ ಮಾಡೋಕೆ ಆಗಲ್ಲ ಅಲ್ವಾ?

ದಡದಮರ:

ನಾನು ಗಂಡಸು, ನನ್ನ ಹೆಂಡತಿಗೆ ಎಂಡೋ ಇದೆ. ವೀರ್ಯ ಪರೀಕ್ಷೆಯ ಮಾತು ನೂರಕ್ಕೆ ನೂರು ಸರಿ. ಹೆಂಡತಿಗೆ ಒಂದು ಕಾಯಿಲೆಯ ಹೆಸರು ಸಿಕ್ಕಿಬಿಟ್ಟರೆ ಎಲ್ಲರೂ ಅದನ್ನೇ ನೋಡುತ್ತಾರೆ. ಗಂಡನ ಕಡೆ ಯಾರೂ ತಿರುಗುವುದಿಲ್ಲ. ಅವಳು ಅಷ್ಟು ಸೂಜಿ, ಅಷ್ಟು ಸ್ಕ್ಯಾನ್ ಸಹಿಸುವಾಗ ನಾವು ಒಂದು ಸ್ಯಾಂಪಲ್ ಕೊಡೋದು ದೊಡ್ಡದಲ್ಲ.

ನೋವಿನ ಬಗ್ಗೆ ನೀವು ಬರೆದಿದ್ದು ಒಳ್ಳೆಯದಾಯಿತು ಅಕ್ಕ. ಅದನ್ನು ದಯವಿಟ್ಟು ಡಾಕ್ಟರಿಗೂ ಹೇಳಿ. ಅದು ಕಾಯಿಲೆಯ ಲಕ್ಷಣ, ಎಂಡೋ ಎಲ್ಲೆಲ್ಲಿ ಹರಡಿದೆ ಅಂತ ತಿಳಿಯಲು ಅವರಿಗೂ ಬೇಕಾಗುತ್ತದೆ. ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಆ ಐದಾರು ದಿನವೂ ಪ್ರತಿದಿನ ಸೇರಬೇಕು ಅಂತಿಲ್ಲ, ದಿನ ಬಿಟ್ಟು ದಿನ ಆದರೂ ಸಾಕು. ನೀವು ಮೇಲಿರುವ ಭಂಗಿಯಲ್ಲಿ ಎಷ್ಟು ಆಳ ಅನ್ನೋದು ನಿಮ್ಮ ಕೈಯಲ್ಲಿರುತ್ತದೆ, ನಮಗೆ ಅದು ತುಂಬಾ ಸಹಾಯ ಆಯಿತು. ನೋವಾದ ತಕ್ಷಣ ನಿಲ್ಲಿಸೋಣ ಅಂತ ಮೊದಲೇ ಇಬ್ಬರೂ ಮಾತಾಡಿಕೊಳ್ಳಿ. ಅಷ್ಟಾದರೂ ಆಗದಿದ್ದರೆ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ಆಗುತ್ತದಾ ಅಂತ ಕೇಳಿ. ಅದಕ್ಕೂ ಟ್ಯೂಬ್ ತೆರೆದಿರಬೇಕು.

ಸ್ಕ್ಯಾನ್‌ರೂಮ್:

ಅಲ್ಟ್ರಾಸೌಂಡ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಒಂದೇ ವಿಷಯ ಸೇರಿಸುತ್ತೇನೆ. ಚಾಕೊಲೇಟ್ ಸಿಸ್ಟ್ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಮೇಲ್ಮೈಯ ಸಣ್ಣ ಕಲೆಗಳು ಹೆಚ್ಚಾಗಿ ಕಾಣುವುದೇ ಇಲ್ಲ. ಕರುಳಿನ ಹತ್ತಿರ, ಗರ್ಭಕೋಶದ ಹಿಂದೆ ಆಳಕ್ಕೆ ಇಳಿದದ್ದು ಪಳಗಿದವರ ಕಣ್ಣಿಗೆ ಬೀಳುತ್ತದೆ, ಮಾಮೂಲಿ ಸ್ಕ್ಯಾನಿನಲ್ಲಿ ತಪ್ಪಿಹೋಗಬಹುದು. ಸೇರುವಾಗ ಆಳದ ನೋವು ಇರುವುದರಿಂದ, ಎಂಡೋ ನೋಡಿ ಅಭ್ಯಾಸ ಇರುವವರ ಹತ್ತಿರ ಇನ್ನೊಮ್ಮೆ ಯೋನಿಯ ಮೂಲಕ ಸ್ಕ್ಯಾನ್ ಮಾಡಿಸಿ. ಅಡಿನೋಮಯೋಸಿಸ್ (ಇದೇ ಥರದ ಅಂಗಾಂಶ ಗರ್ಭಕೋಶದ ಗೋಡೆಯೊಳಗೆ ಬೆಳೆಯುವುದು) ಇದೆಯಾ, ಟ್ಯೂಬಿನಲ್ಲಿ ನೀರು ತುಂಬಿದೆಯಾ ಅಂತಲೂ ನೋಡಲು ಹೇಳಿ. ಟ್ಯೂಬಿನಲ್ಲಿ ನೀರು ತುಂಬಿದ್ದರೆ ಐವಿಎಫ್‌ಗೂ ತೊಂದರೆ, ಅದನ್ನು ಮೊದಲು ಸರಿಮಾಡಬೇಕಾಗುತ್ತದೆ.

ಮುಂಜಾವು:

ಎಲ್ಲರಿಗೂ ಧನ್ಯವಾದ. ಓದುತ್ತಾ ಅತ್ತುಬಿಟ್ಟೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಟ್ಯೂಬ್ ಪರೀಕ್ಷೆ ಆಗಿಲ್ಲ, ಇವರ ಪರೀಕ್ಷೆಯೂ ಆಗಿಲ್ಲ. ಯಾರೂ ಬರೆದುಕೊಟ್ಟೇ ಇಲ್ಲ. ಇವರಿಗೆ ತೋರಿಸಿದೆ, ಈ ವಾರವೇ ಕೊಡುತ್ತೇನೆ ಅಂದರು. ಹೊಂಗೆನೆರಳು ಅಕ್ಕ, ಇನ್ನೊಂದು ಪ್ರಶ್ನೆ: ಡೈನೋಜೆಸ್ಟ್ ಬಿಟ್ಟರೆ ನೋವಿಗೆ ಏನು ಮಾಡಲಿ? ಮೆಫೆನಾಮಿಕ್ ಮಾತ್ರೆ ತಗೊಳ್ಳಬಹುದಾ?

ಹೊಂಗೆನೆರಳು:

ಮುಟ್ಟಿನ ದಿನಗಳಲ್ಲಿ ಸಾಮಾನ್ಯವಾಗಿ ತಗೊಳ್ಳುತ್ತಾರೆ, ನಾನೂ ತಗೊಂಡಿದ್ದೇನೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಅಂಡ ಬಿಡುಗಡೆಯ ಆಸುಪಾಸಿನ ದಿನಗಳಲ್ಲಿ ಮಾತ್ರ ಮೆಫೆನಾಮಿಕ್, ಐಬುಪ್ರೊಫೆನ್ ಥರದ್ದು ಬೇಡ. ಅಂಡ ಹೊರಬರುವುದನ್ನೇ ಅವು ತಡೆಯಬಹುದು. ಆ ದಿನಗಳಿಗೆ ಪ್ಯಾರಾಸಿಟಮಾಲ್ ಮತ್ತು ಬಿಸಿನೀರಿನ ಚೀಲ. ಟೆಸ್ಟ್ ಪಾಸಿಟಿವ್ ಬಂದರೆ ಮೆಫೆನಾಮಿಕ್ ನಿಲ್ಲಿಸಿ ಡಾಕ್ಟರ ಹತ್ತಿರ ಮಾತಾಡಿ. ಡೈನೋಜೆಸ್ಟ್ ಬಿಡುವುದನ್ನೂ ಬರೆದುಕೊಟ್ಟವರಿಗೆ ತಿಳಿಸಿಯೇ ಬಿಡಿ.

ಫೋಲಿಕ್ ಆಸಿಡ್ ತಗೊಳ್ಳುತ್ತಿದ್ದೀರಾ? ಇಲ್ಲ ಅಂದರೆ ಇವತ್ತಿನಿಂದಲೇ ಶುರು ಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ. ಎರಡು ರಿಪೋರ್ಟೂ ಬಂದ ಮೇಲೆ ಇಲ್ಲೇ ಬರೆಯಿರಿ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಒಟ್ಟಿಗೆ ಕೂತು ಬರೆದುಕೊಳ್ಳೋಣ.