ಋಷಿಕೇಶ–ಬದರೀನಾಥ ಹೆದ್ದಾರಿ ನದಿಯನ್ನು ಅಲ್ಲಲ್ಲಿ ಬಿಟ್ಟು ಹೋಗುವುದೇಕೆ?

ಪ್ರಶ್ನೆ:
ರಾಷ್ಟ್ರೀಯ ಹೆದ್ದಾರಿ 7ರಲ್ಲಿ ಋಷಿಕೇಶದಿಂದ ಬದರೀನಾಥದವರೆಗಿನ ಸುಮಾರು 300 ಕಿ.ಮೀ. ದಾರಿಯನ್ನು ನಕ್ಷೆಯಲ್ಲಿ ನೋಡಿದರೆ, ಅದು ದೇವಪ್ರಯಾಗದವರೆಗೆ ಗಂಗೆಯನ್ನೂ ಅಲ್ಲಿಂದಾಚೆಗೆ ಅಲಕನಂದೆಯನ್ನೂ ಅನುಸರಿಸುತ್ತದೆ. ಆದರೂ ಕೌಡಿಯಾಲಾ ಕಳೆದ ಮೇಲೆ ರಸ್ತೆ ಸಾಕನಿಧಾರ್‌ನ ಎತ್ತರಕ್ಕೆ ಏರಿ ಮತ್ತೆ ದೇವಪ್ರಯಾಗಕ್ಕೆ ಇಳಿಯುತ್ತದೆ. ಕೀರ್ತಿನಗರದ ಬಳಿ ಸೇತುವೆ ದಾಟಿ ದಂಡೆಯನ್ನೇ ಬದಲಿಸುತ್ತದೆ. ಇದಕ್ಕೆ ಕಾರಣವೇನು? ಮಳೆಗಾಲದಲ್ಲಿ ಕೆಲವು ನಿರ್ದಿಷ್ಟ ಜಾಗಗಳಲ್ಲೇ ದಾರಿ ಮುಚ್ಚುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 1:
ಋಷಿಕೇಶ ಸಮುದ್ರಮಟ್ಟದಿಂದ 400 ಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ, ಬದರೀನಾಥ 3,100 ಮೀಟರಿನ ಆಸುಪಾಸಿನಲ್ಲಿದೆ. ನಡುವಿನ ಬೆಟ್ಟಸಾಲುಗಳನ್ನು ನದಿ ಆಗಲೇ ಸೀಳಿಕೊಂಡು ಬಂದಿರುವುದರಿಂದ, ಅದರ ಜಾಡಿನಲ್ಲಿ ಸಾಗುವ ರಸ್ತೆ ಬೆಟ್ಟಸಾಲು ದಾಟುವ ಒಂದೇ ಒಂದು ಎತ್ತರದ ಘಟ್ಟವನ್ನೂ ಹತ್ತಿಳಿಯಬೇಕಾಗಿಲ್ಲ. ಆದರೆ ನದಿಯ ಹಾದಿ ಸಿಕ್ಕಿತೆಂದರೆ ರಸ್ತೆಗೆ ಜಾಗವೂ ಸಿಕ್ಕಿತೆಂದಲ್ಲ. ದೇವಪ್ರಯಾಗದ ಕೆಳಗೆ ಗಂಗೆ ಕಡಿದಾದ ಕಮರಿಯಲ್ಲಿ ಹರಿಯುವುದರಿಂದ ರಸ್ತೆ ಮೇಲಿನ ಇಳಿಜಾರಿಗೆ ಸರಿಯಿತು. ಕೀರ್ತಿನಗರದ ಆಚೆಯ ಶ್ರೀನಗರದ (ಕಾಶ್ಮೀರದ್ದಲ್ಲ, ಉತ್ತರಾಖಂಡದ್ದು) ಬಳಿ ಎಡದಂಡೆಯಲ್ಲಿ, ಅಂದರೆ ನದಿ ಹರಿಯುವ ದಿಕ್ಕಿಗೆ ಮುಖಮಾಡಿದರೆ ಎಡಕ್ಕೆ ಬರುವ ದಂಡೆಯಲ್ಲಿ, ನದಿಯೇ ಬಿಟ್ಟುಹೋದ ವಿಶಾಲವಾದ ಮಟ್ಟಸ ಭೂಮಿಯೂ ಊರೂ ಇರುವುದರಿಂದ ಅಲ್ಲಿ ದಾಟುವುದು ಸಹಜ. ವಾಹನಗಳು ಬರುವ ಮೊದಲು ಯಾತ್ರಿಕರ ಕಾಲುದಾರಿ ಋಷಿಕೇಶದಿಂದ ಮೇಲಕ್ಕೆ ಎಡದಂಡೆಯಲ್ಲಿತ್ತು, ಇಂದಿನ ಹೆದ್ದಾರಿ ಕೀರ್ತಿನಗರದವರೆಗೆ ಬಲದಂಡೆಯಲ್ಲಿದೆ. ನಡೆಯುವವರಿಗೂ ಬಸ್ಸಿಗೂ ಬೇಕಾದ ನೆಲ ಒಂದೇ ಅಲ್ಲವಷ್ಟೆ. ದಂಡೆಯ ಆಯ್ಕೆಯಿಂದ ಸೇತುವೆಗಳ ಲೆಕ್ಕವೂ ಬದಲಾಗುತ್ತದೆ: ಕರ್ಣಪ್ರಯಾಗದಲ್ಲಿ ಪಿಂಡರ್ ನದಿಯನ್ನೂ ನಂದಪ್ರಯಾಗದಲ್ಲಿ ನಂದಾಕಿನಿಯನ್ನೂ ದಾಟಲೇಬೇಕು, ಆದರೆ ರುದ್ರಪ್ರಯಾಗದ ಮಂದಾಕಿನಿ ಎದುರು ದಂಡೆಯಿಂದ ಸೇರುವ ಕಾರಣ ಬದರಿಗೆ ಹೋಗುವವರು ಅದನ್ನು ದಾಟಬೇಕಿಲ್ಲ.

ಉತ್ತರ 2:
ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಸಂಬಂಧ ಖಂಡಿತ ಇದೆ. ಶ್ರೀನಗರ ಮತ್ತು ರುದ್ರಪ್ರಯಾಗದ ನಡುವಿನ ಸಿರೋಬಗಡ, ಪಾಂಡುಕೇಶ್ವರದ ಮೇಲಿನ ಲಾಂಬಗಡ ಇವೆರಡೂ ಬಹುಕಾಲದಿಂದ ಕುಖ್ಯಾತ ಭೂಕುಸಿತದ ಸ್ಥಳಗಳು. ನದಿ ತಿರುವಿನ ಹೊರಬದಿಯಲ್ಲಿ ಬೆಟ್ಟದ ಬುಡವನ್ನು ಕೊರೆಯುತ್ತದೆ. ಅದೇ ಇಳಿಜಾರನ್ನು ರಸ್ತೆಗಾಗಿ ನಡುವಿನಲ್ಲಿ ಕಡಿದಾಗ ಮೇಲಿನ ಮಣ್ಣು ಮತ್ತು ಬಂಡೆಗಳಿಗೆ ಇದ್ದ ಆಸರೆ ತಪ್ಪುತ್ತದೆ. ಮಳೆನೀರು ಒಳಗೆ ಇಳಿದು ಒತ್ತಡ ಹೆಚ್ಚಿದಾಗ ಎಲ್ಲವೂ ಜಾರುತ್ತದೆ. ಹಳೆಯ ಕುಸಿತದ ರಾಶಿಯ ಮೇಲೆಯೇ ರಸ್ತೆ ಹಾದುಹೋದರೆ ಅಪಾಯ ಇನ್ನೂ ಹೆಚ್ಚು. ಇದೇ ಹೆದ್ದಾರಿಯ ಜೋಶಿಮಠ ಅಂಥ ರಾಶಿಯ ಮೇಲಿದೆಯೆಂದು ಸರ್ಕಾರ ನೇಮಿಸಿದ್ದ ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. 2023ರ ಜನವರಿಯಲ್ಲಿ ಅಲ್ಲಿನ ನೂರಾರು ಮನೆಗಳು ಬಿರುಕುಬಿಟ್ಟವು. ಎದುರು ದಂಡೆಗೆ ಹೋದರೆ ಸಾಕೆನ್ನುವವರು ಅಲ್ಲಿಯ ಶಿಲೆಯನ್ನೂ ಮೊದಲು ಪರೀಕ್ಷಿಸಬೇಕು, ಏಕೆಂದರೆ ನದಿಯ ಕೊರೆತ ಎರಡೂ ಕಡೆ ಇರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಈ ರಸ್ತೆಯನ್ನು ಅಗಲಗೊಳಿಸುವುದು ಸರಿಯೇ?

ಉತ್ತರ 3:
ಇದೇ ಪ್ರಶ್ನೆ, ಉತ್ತರಾಖಂಡದ ನಾಲ್ಕು ಯಾತ್ರಾಸ್ಥಳಗಳ ರಸ್ತೆಗಳನ್ನು ಅಗಲಗೊಳಿಸುವ ಚಾರ್‌ಧಾಮ್ ಯೋಜನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ವಾಹನ ಸಂಚಾರದ ಅಗಲವನ್ನು 5.5 ಮೀಟರಿಗೆ ಸೀಮಿತಗೊಳಿಸಿತು. 2021ರ ಡಿಸೆಂಬರ್‌ನಲ್ಲಿ, ಚೀನಾ ಗಡಿಯತ್ತ ಸೇನೆಯ ಸಂಚಾರದ ಅಗತ್ಯವನ್ನು ಮನ್ನಿಸಿ, ಋಷಿಕೇಶ–ಮಾಣಾ (ಬದರೀನಾಥದಾಚೆಯ ಗಡಿಯ ಹಳ್ಳಿ) ಸೇರಿದಂತೆ ಮೂರು ಹೆದ್ದಾರಿಗಳಿಗೆ ದ್ವಿಪಥವನ್ನು ಒಪ್ಪಿತು. ಸೇನೆಯ ವಾದವನ್ನು ತಳ್ಳಿಹಾಕಲಾಗದು. ಆದರೆ ಪ್ರತಿ ಹೆಚ್ಚುವರಿ ಮೀಟರಿಗೂ ಬೆಟ್ಟವನ್ನು ಇನ್ನಷ್ಟು ಎತ್ತರದವರೆಗೆ ಕಡಿಯಬೇಕಾಗುತ್ತದೆ, ಆ ಮಣ್ಣನ್ನು ಕೆಳಗೆ ಸುರಿದರೆ ಅದು ನದಿಯ ಪಾತ್ರವನ್ನು ಕಿರಿದಾಗಿಸಿ ಎದುರು ದಂಡೆಯ ಕೊರೆತವನ್ನು ಹೆಚ್ಚಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಅಗಲಕ್ಕಿಂತ ಮೊದಲು ನೀರು ಹರಿದುಹೋಗುವ ಚರಂಡಿಗಳು, ಕಡಿದ ಇಳಿಜಾರಿನ ಬಿಗಿತ ಮತ್ತು ಮಣ್ಣು ಸುರಿಯುವ ಜಾಗ ಇವು ತೀರ್ಮಾನವಾಗಬೇಕು. ಇದೇ ಕಣಿವೆಯ 125 ಕಿ.ಮೀ. ಉದ್ದದ ಋಷಿಕೇಶ–ಕರ್ಣಪ್ರಯಾಗ ರೈಲುಮಾರ್ಗದ ಬಹುಪಾಲನ್ನು ಸುರಂಗಗಳಲ್ಲಿ ಇಟ್ಟಿದ್ದಾರೆ. ಅದು ಸಿದ್ಧವಾದರೂ ಕರ್ಣಪ್ರಯಾಗದಿಂದ ಮೇಲಕ್ಕೆ ಹೋಗುವವರಿಗೆ ಈ ಹೆದ್ದಾರಿಯೇ ಗತಿ.