ಪಿಎಫ್ ಮಿತಿ 25,000 ಆದ್ರೆ ಪೆನ್ಷನ್ ಎಷ್ಟು?

ಗುಂಪು: ನಮ್ಮ ಮನೆಯೋರು, ಕೋಲಾರ

ರೂಪಾ: (ಫಾರ್ವರ್ಡ್) ಪಿಎಫ್ ಕಡ್ಡಾಯ ಸಂಬಳ ಮಿತಿ 15,000ದಿಂದ 25,000ಕ್ಕೆ: ಕೇಂದ್ರದ ಪರಿಶೀಲನೆ
ಆಗ್ಲೇಬೇಕು. ಈ ಮಿತಿವರೆಗಿನ ಸಂಬಳಕ್ಕೆ ಪಿಎಫ್ ಕಡ್ಡಾಯ. 2014ರ ಸೆಪ್ಟೆಂಬರ್‌ನಿಂದ ಅದೇ 15,000 ಇದೆ.

ಮಂಜು ಭಾವ: ಅವಸರ ಬೇಡ ರೂಪಾ. ಬೇಸಿಕ್ (ಮೂಲ ಸಂಬಳ) 25,000 ಇದ್ದೋರಿಗೆ ನರಸಾಪುರದ ಫ್ಯಾಕ್ಟರಿಗಳಲ್ಲಿ ಎಷ್ಟೋ ಕಡೆ 15,000ಕ್ಕೇ ಕಟ್ಟೋದು, ಶೇ 12ರಂತೆ ಕೆಲಸಗಾರನ ಪಾಲು ತಿಂಗಳಿಗೆ 1,800. ಅದು 3,000 ಆಗತ್ತೆ. ಸಿಟಿಸಿ ಲೆಕ್ಕದ (ಮಾಲೀಕರ ಪಿಎಫ್ ಪಾಲನ್ನೂ ಒಟ್ಟು ಸಂಬಳದೊಳಗೇ ಸೇರಿಸೋ) ಕಂಪನಿ ಆದ್ರೆ ಮಾಲೀಕರ ಪಾಲಲ್ಲಿ ಏರಿದ 1,200ನೂ ಅವನ ಸಂಬಳದಿಂದ್ಲೇ ಮುರೀತಾರೆ. ಕೈಗೆ 2,400 ಕಮ್ಮಿ. ಬಾಡಿಗೆ, ಮಕ್ಕಳ ಫೀಸು ಹೆಂಗೆ?

ರೂಪಾ: ಆ ದುಡ್ಡು ಎಲ್ಲೂ ಹೋಗಲ್ಲ ಭಾವ, ಅವನ ಖಾತೆಗೇ ತಾನೆ? ಇನ್ನೊಂದು ನೋಡಿ. 2014ರ ಸೆಪ್ಟೆಂಬರ್ ಆದ್ಮೇಲೆ 15,000ಕ್ಕಿಂತ ಜಾಸ್ತಿ ಬೇಸಿಕ್, ಡಿಎಗೆ (ತುಟ್ಟಿಭತ್ಯೆ) ಮೊದಲ ಸಲ ಪಿಎಫ್‌ಗೆ ಸೇರಿದೋರಿಗೆ ಪಿಎಫ್ ಪೆನ್ಷನ್ನೇ ಇಲ್ಲ. ಪಾಸ್‌ಬುಕ್‌ನಲ್ಲಿ ಪೆನ್ಷನ್ ಕಾಲಮ್ ಸೊನ್ನೆ. ಮಿತಿ ಏರಿದ್ರೆ ಅವರಲ್ಲೂ ಕೆಲವರಿಗೆ ದಾರಿ ಆಗಬಹುದು.

ಚಿಕ್ಕಪ್ಪ: ಅಳಿಯಂದ್ರೇ, ಲೆಕ್ಕ ಹಾಕೋಣ. 15,000ಕ್ಕೆ ಮಾಲೀಕರ 1,800ರಲ್ಲಿ 1,250 ಪೆನ್ಷನ್‌ಗೆ, 550 ಪಿಎಫ್‌ಗೆ. ಪಿಎಫ್‌ಗೆ ಬಡ್ಡಿ ಉಂಟು, ಪೆನ್ಷನ್ ಕಾಲಮ್‌ಗೆ ಇಲ್ಲ. ಅದು ಸೂತ್ರದ ಮೇಲೆ ಬರೋದು. ಕೊನೇ 60 ತಿಂಗಳ ಸರಾಸರಿ ಸಂಬಳ ಗುಣಿಸು ಸರ್ವಿಸ್ ವರ್ಷ, ಭಾಗಿಸು 70. 14 ವರ್ಷಕ್ಕೆ 15,000ದ ಮೇಲೆ 3,000, 25,000ದ ಮೇಲೆ 5,000. ಆದ್ರೆ ಪೂರ್ತಿ 5,000 ತಕ್ಷಣ ಯಾರಿಗೂ ಬರಲ್ಲ. 2014ರಲ್ಲಿ 6,500ರಿಂದ ಏರಿಸಿದಾಗ ಹಳೇ ಸರ್ವಿಸ್‌ಗೆ ಹಳೇ ಮಿತಿ ಅಂತ ಭಾಗ ಮಾಡಿದ್ರು.

ಮಂಜು ಭಾವ: ಅದಕ್ಕೇ ಹೇಳಿದ್ದು ಚಿಕ್ಕಮಾವ. ಇನ್ನು 20 ಜನಕ್ಕಿಂತ ಕಮ್ಮಿ ಇರೋ ವರ್ಕ್‌ಶಾಪ್‌ನೋರಿಗೆ ಪಿಎಫೇ ಕಡ್ಡಾಯ ಅಲ್ಲ. ಅವರ ವಯಸ್ಸಾದ ಕಾಲಕ್ಕೆ ಏನು?

ರೂಪಾ: ಸರ್ಕಾರದ ಅಟಲ್ ಪೆನ್ಷನ್ ಯೋಜನೆ. 18ಕ್ಕೇ ಸೇರಿದ್ರೆ ತಿಂಗಳಿಗೆ 210, 40ಕ್ಕೆ ಸೇರಿದ್ರೆ 1,454. 60 ಆದ್ಮೇಲೆ ತಿಂಗಳಿಗೆ 5,000 ಪೆನ್ಷನ್. ತೆರಿಗೆ ಕಟ್ಟೋರು ಸೇರೋ ಹಂಗಿಲ್ಲ.

ಚಿಕ್ಕಪ್ಪ: ಮಿತಿಗಿಂತ ದೊಡ್ಡ ನಷ್ಟ ಬೇರೆ ಇದೆ. ಏಳು ವರ್ಷ ಒಂದು ಕಡೆ, ಏಳು ವರ್ಷ ಇನ್ನೊಂದು ಕಡೆ ಮಾಡಿ, ಎರಡು ಸಲವೂ 10ಸಿ ಫಾರ್ಮ್ ಹಾಕಿ ಪೆನ್ಷನ್ ದುಡ್ಡು ತೆಗೆದ್ರೆ ಸರ್ವಿಸ್ ಅಳಿಸಿ ಹೋಗತ್ತೆ. ಪೆನ್ಷನ್‌ಗೆ 10 ವರ್ಷ ಬೇಕು. ಹಳೇ ಪಿಎಫ್ ಖಾತೆನ ಹೊಸ ಕಂಪನಿಗೆ ಟ್ರಾನ್ಸ್‌ಫರ್ ಮಾಡಿದ್ರೆ 14 ವರ್ಷ ಉಳೀತಿತ್ತು.

ಮಂಜು ಭಾವ: ಇದು ಒಪ್ಪಿದೆ. ಟ್ರಾನ್ಸ್‌ಫರ್ ಯಾಕೆ ಸಿಕ್ಕೊಳ್ಳತ್ತೆ?

ಚಿಕ್ಕಪ್ಪ: ಬಹುಪಾಲು ಎರಡೇ ಕಾರಣ. ಆಧಾರ್‌ನಲ್ಲಿರೋ ಹೆಸರೇ ಪಿಎಫ್‌ನಲ್ಲಿ ಇರಲ್ಲ, ಇನಿಷಿಯಲ್ ಒಂದು ತಪ್ಪಿದ್ರೂ ಸಾಕು. ಇಲ್ಲಾಂದ್ರೆ ಹಳೇ ಕಂಪನಿ ಬಿಟ್ಟ ದಿನಾಂಕ ಹಾಕಿರಲ್ಲ. ಕೊನೇ ವಂತಿಗೆ ಆಗಿ ಎರಡು ತಿಂಗಳಾದ್ರೆ ನಾವೇ ಯುಎಎನ್ (ಪಿಎಫ್ ಸದಸ್ಯರ ನಂಬರ್) ಪೋರ್ಟಲ್‌ನಲ್ಲಿ ಹಾಕ್ಬಹುದು. ಮೊದಲು ಸರ್ವಿಸ್ ಹಿಸ್ಟರಿ ತೆಗೆದು ನೋಡಿ.

ರೂಪಾ: ಮಕ್ಕಳ ಗುಂಪಿಗೂ ಈ ಮೆಸೇಜ್ ಹಾಕ್ತೀನಿ ಚಿಕ್ಕಪ್ಪ. ಅಲ್ಲಿ ಇಬ್ಬರು ಈ ತಿಂಗಳೇ ಕೆಲಸ ಬಿಡ್ತಿದ್ದಾರೆ.