ಮಗುವಿನ ಲಿವರ್ ರಿಪೋರ್ಟ್ ಹೊರದೇಶದ ಸ್ಟಡಿಗೆ ಕೊಡ್ಬಹುದಾ?

ಬದಿಯಡ್ಕದವ:
ತಂಗಿಯ ಮಗುವಿಗೆ ಪಿಎಫ್‌ಐಸಿ ಟೈಪ್ 2 (ಪಿತ್ತ ಸರಿ ಹರಿಯದೆ ಲಿವರ್ ಕೆಡುವ, ಜೀನಿಂದ ಬರುವ ಕಾಯಿಲೆ) ಅಂತ ಜೀನ್ ಟೆಸ್ಟಲ್ಲಿ ಬಂತು, ರಾತ್ರಿಯಿಡೀ ಮೈ ತುರಿಸ್ಕೊಂಡು ಅಳ್ತದೆ. ಈಗ ಡಾಕ್ಟ್ರು ಹೆಸರು ತೆಗ್ದು ರಿಪೋರ್ಟನ್ನ ಬೇರೆ ದೇಶದ ಡಾಕ್ಟ್ರುಗಳ ಗ್ರೂಪಿಗೆ ಕಳಿಸ್ಲಾ ಅಂತ ಕೇಳ್ತಿದ್ದಾರೆ, ಭಾವನಿಗೆ ಪ್ರಯೋಗ ಮಾಡ್ತಾರಾ ಅಂತ ಹೆದ್ರಿಕೆ. ಎಂತ ಮಾಡುದು ಮಾರಾಯ್ರೆ?

ಮಂಜೇಶ್ವರದಕ್ಕ:
ಪ್ರಯೋಗ ಬೇರೆ, ರಿಜಿಸ್ಟ್ರಿ ಬೇರೆ, ಇದ್ರಲ್ಲಿ ರೋಗಿಗಳ ವಿವರ ಒಟ್ಟು ಮಾಡಿ ನೋಡುದು ಮಾತ್ರ. ಇದು 50 ಸಾವಿರದಿಂದ 1 ಲಕ್ಷ ಮಕ್ಕಳಲ್ಲಿ ಒಬ್ರಿಗೆ ಬರುವ ಕಾಯಿಲೆ, ಒಂದೇ ಆಸ್ಪತ್ರೆಯವರು ಎಷ್ಟು ಮಕ್ಕಳನ್ನ ನೋಡಿಯಾರು? ಅದಕ್ಕೇ ನೆದರ್ಲೆಂಡ್ಸಿನ ಗ್ರೋನಿಂಗನ್‌ನಿಂದ ನ್ಯಾಪ್ಡ್ ಅಂತ ಡಾಕ್ಟ್ರುಗಳ ಒಕ್ಕೂಟ ನಡೆಸ್ತಾರೆ, 2020ರ ಪೇಪರಲ್ಲಿ ಹಲವು ದೇಶದ 264 ಟೈಪ್ 2 ಮಕ್ಕಳ ವಿವರ ಒಟ್ಟು ಮಾಡಿ ನೋಡಿದ್ರು, ಈ ಟೈಪ್ 2ಕ್ಕೆ ಕಾರಣವಾದ ಎಬಿಸಿಬಿ11 ಜೀನಲ್ಲಿ ಯಾವ ತರ ಬದಲಾವಣೆ ಉಂಟು ಅನ್ನುದರ ಮೇಲೆ ಸ್ವಂತ ಲಿವರ್ ಎಷ್ಟು ಕಾಲ ಉಳಿಯಬಹುದು ಅಂತ ಒಂದು ಅಂದಾಜು ಸಿಕ್ತು.

ಪೆರ್ಲ ಮಾಸ್ಟ್ರು:
ಸರಿಯಕ್ಕ, ಪೇಪರ್ ಬಂದ್ರೆ ತುರಿಕೆ ಹೋಗ್ತದಾ?

ಮಂಜೇಶ್ವರದಕ್ಕ:
ಹೋಗುದಿಲ್ಲ ಮಾಸ್ಟ್ರೆ. ಆದ್ರೆ 2021ರಲ್ಲಿ ಅಮೆರಿಕ, ಯುರೋಪಲ್ಲಿ ಒಪ್ಪಿಗೆ ಸಿಕ್ಕಿದ ಒಡೆವಿಕ್ಸಿಬ್ಯಾಟ್ ಅಂತ ತುರಿಕೆಯ ಮದ್ದು ಉಂಟಲ್ಲ, ಪಿತ್ತದ ಆಮ್ಲವನ್ನ ಕರುಳು ವಾಪಸ್ ಹೀರದ ಹಾಗೆ ತಡಿಯುದು, ಅದರ ಟ್ರಯಲೂ ಹೀಗೆ ಹಲವು ದೇಶದ ಆಸ್ಪತ್ರೆಗಳು ಸೇರಿಯೇ ಆದದ್ದು. ಎಲ್ಲ ಮಕ್ಕಳಿಗೂ ಹಿಡಿಯುದಿಲ್ಲ, ಜೀನ್ ನೋಡಿಯೇ ಹೇಳ್ಬೇಕು. ರೇಟು ಮಾತ್ರ ಕೇಳ್ಬೇಡಿ!

ಕುಂಬ್ಳೆ ಭಟ್ರು:
ಸೈನ್ ಹಾಕುವ ಮೊದಲು ಎಥಿಕ್ಸ್ ಕಮಿಟಿ (ಸ್ಟಡಿ ಸರಿಯಾದ ರೀತಿಯಲ್ಲಿ ಉಂಟಾ ಅಂತ ನೋಡುವವರು) ಒಪ್ಪಿಗೆ ಉಂಟಾ ಕೇಳಿ. ಫಾರ್ಮ್ ಮಲಯಾಳದಲ್ಲೋ ಇಂಗ್ಲಿಷಲ್ಲೋ ಕೊಟ್ರೆ ಕನ್ನಡದಲ್ಲಿ ಬೇಕು ಅಂತ ಹೇಳಿ, ಅದು ನಿಮ್ಮ ಹಕ್ಕು, ಸಂಕೋಚ ಎಂತಕ್ಕೆ. ಬೇಡ ಅಂದ್ರೂ ಮದ್ದು ನಿಲ್ಲಿಸ್ಲಿಕ್ಕಿಲ್ಲ.

ಬದಿಯಡ್ಕದವ:
ಭಾವನಿಗೆ ಇದನ್ನೇ ಓದಿ ಹೇಳ್ತೇನೆ.